ಗ್ಲೌಸ್ ಹಾಕಿದ ಮಾತ್ರಕ್ಕೆ ಕೈ ಶುದ್ಧವಲ್ಲ

ಐಸಿಯು ರೋಗಿಯ ಕಲ್ಚರ್ ರಿಪೋರ್ಟ್, ಅಂದರೆ ಸೋಂಕು ತಂದ ಬ್ಯಾಕ್ಟೀರಿಯಾ ಯಾವುದು, ಅದಕ್ಕೆ ಯಾವ ಔಷಧಿ ನಾಟುತ್ತದೆ ಅಂತ ಹೇಳುವ ಲ್ಯಾಬ್ ವರದಿ, ನೋಡಿದ್ದೀರಾ? ಒಂದು ಕಡೆ ಆಂಟಿಬಯಾಟಿಕ್‌ಗಳ ಹೆಸರು, ಪಕ್ಕದಲ್ಲಿ ಒಂದೊಂದೇ ಅಕ್ಷರ. 'ಎಸ್' ಅಂದರೆ ಔಷಧಿ ಕೆಲಸ ಮಾಡುತ್ತದೆ, 'ಆರ್' ಅಂದರೆ ಮಾಡುವುದಿಲ್ಲ. ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಥರದ ಬ್ಯಾಕ್ಟೀರಿಯಾ ಸಿಕ್ಕಾಗ ಕೆಲವೊಮ್ಮೆ ಮೇಲಿಂದ ಕೆಳಗಿನವರೆಗೂ ಬರೀ 'ಆರ್'. ರೋಗಿ ದಾಖಲಾಗಿದ್ದು ಬೇರೆ ಕಾಯಿಲೆಗೆ, ಈ ಸೋಂಕು ಹತ್ತಿದ್ದು ಆಸ್ಪತ್ರೆಯೊಳಗೆ. ನನಗೆ ತುಂಬಾ ಸಂಕಟ ಆಗುವುದು ಇಲ್ಲೇ.

ಹೊಸ ಆಂಟಿಬಯಾಟಿಕ್ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. ಔಷಧಿ ಬೇಕು, ನಿಜ. ಆದರೆ ಅದೊಂದನ್ನೇ ನೆಚ್ಚಿ ಕೂರುವುದನ್ನು ನಾನು ಒಪ್ಪುವುದಿಲ್ಲ. ಔಷಧಿಗೆ ಬಗ್ಗದಂತೆ ಮಾಡುವ ಜೀನ್‌ಗಳಲ್ಲಿ ಎಷ್ಟೋ ಇರುವುದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ. ಎರಡು ಬ್ಯಾಕ್ಟೀರಿಯಾ ಒಂದಕ್ಕೊಂದು ತಾಗಿದಾಗ ಈ ಉಂಗುರದ ನಕಲು ಅದರಿಂದ ಇದಕ್ಕೆ ದಾಟಬಹುದು. ಎರಡೂ ಒಂದೇ ಜಾತಿಯವಾಗಿರಬೇಕು ಅಂತಲೂ ಇಲ್ಲ. ಒಂದೇ ಉಂಗುರದಲ್ಲಿ ಹಲವು ಔಷಧಿಗಳ ವಿರುದ್ಧದ ಜೀನ್‌ಗಳಿದ್ದರೆ ಇನ್ನೂ ಕಷ್ಟ. ಆಗ ಆ ಔಷಧಿಗಳಲ್ಲಿ ಯಾವ ಒಂದನ್ನು ಕೊಟ್ಟರೂ ಅಷ್ಟೂ ಜೀನ್‌ಗಳು ಒಟ್ಟಿಗೇ ಉಳಿದುಕೊಳ್ಳುತ್ತವೆ.

ಗಂಭೀರ ಸೋಂಕಿಗೆ ಕೊಡುವ ಪ್ರಬಲ ಆಂಟಿಬಯಾಟಿಕ್‌ಗಳಾದ ಕಾರ್ಬಪೆನೆಮ್‌ಗಳು ಕೈಕೊಟ್ಟಾಗ ವೈದ್ಯರು ಕೊಲಿಸ್ಟಿನ್ ಎಂಬ ಹಳೇ ಆಂಟಿಬಯಾಟಿಕ್‌ಗೆ ಮರಳಿದರು, ಅದು ಕಿಡ್ನಿಗೆ ಪೆಟ್ಟು ಕೊಡಬಹುದು ಅಂತ ಗೊತ್ತಿದ್ದೂ. 2015ರಲ್ಲಿ ಕೊಲಿಸ್ಟಿನ್ನನ್ನೂ ತಡೆಯುವ ಎಂಸಿಆರ್-1 ಜೀನ್ ಪ್ಲಾಸ್ಮಿಡ್‌ನಲ್ಲೇ ಇರುವುದು ವರದಿಯಾಯಿತು. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣ ಅನ್ನುವ ಅಂದಾಜಿದೆ.

ಹಾಗಾಗಿ ಮೊದಲು ದುಡ್ಡು ಸುರಿಯಬೇಕಾದ್ದು ಸೋಂಕು ಹರಡದಂತೆ ನೋಡಿಕೊಳ್ಳುವುದಕ್ಕೆ. ಅಸಿನೆಟೊಬ್ಯಾಕ್ಟರ್ ಒಣಗಿದ ಬೆಡ್ ಕಂಬಿಯ ಮೇಲೂ ವಾರಗಟ್ಟಲೆ ಬದುಕಬಲ್ಲದು. ಯೂರಿನ್ ಬ್ಯಾಗ್ ಖಾಲಿ ಮಾಡಿದ ಗ್ಲೌಸಿನಲ್ಲೇ ಡ್ರಿಪ್ ಪಂಪಿನ ಬಟನ್ ಒತ್ತಿದರೆ, ಆಮೇಲೆ ಪಕ್ಕದ ರೋಗಿಯ ಡ್ರಿಪ್ ಮುಟ್ಟಿದರೆ, ಆ ಗ್ಲೌಸ್ ಕಾಪಾಡಿದ್ದು ಯಾರನ್ನು? ಇದನ್ನು ನರ್ಸ್‌ಗಳ ತಲೆಗೆ ಕಟ್ಟುವುದು ದೊಡ್ಡ ಅನ್ಯಾಯ. ಒಬ್ಬರೇ ಅಷ್ಟೊಂದು ಬೆಡ್ ನೋಡಿಕೊಳ್ಳುವಾಗ ಪ್ರತಿ ಸಲ ಗ್ಲೌಸ್ ಬದಲಿಸಿ ಕೈ ತೊಳೆಯುವಷ್ಟು ಪುರುಸೊತ್ತು ಎಲ್ಲಿರುತ್ತದೆ? ಜನ ಜಾಸ್ತಿ ಬೇಕು. ಅದು ಆಡಳಿತದವರ ಜವಾಬ್ದಾರಿ, ಅಲ್ವಾ?

ರೋಗಿಯ ಮೈಯೊಳಗೆ ಹಾಕುವ ಕೊಳವೆ, ಅಂದರೆ ಕ್ಯಾತಿಟರ್ ಬಗ್ಗೆ ಮನೆಯವರೂ ಒಂದು ಪ್ರಶ್ನೆ ಕೇಳಬಹುದು. "ಡಾಕ್ಟ್ರೇ, ಈ ಕ್ಯಾತಿಟರ್ ಇವತ್ತೂ ಬೇಕಾ?" ಹಿಂಜರಿಯಬೇಡಿ, ದಿನಾ ಕೇಳಿ. ಬೇಕಾಗಿದ್ದರೆ ಇರಲಿ. ಸುಮ್ನೆ ಉಳಿದುಹೋಗಿದ್ದರೆ ತೆಗೆಯಲಿ. ಅದು ಇದ್ದಷ್ಟು ದಿನವೂ ಅದರ ಮೈಮೇಲೆ ಬ್ಯಾಕ್ಟೀರಿಯಾ ಲೋಳೆಯ ಪದರ ಕಟ್ಟುತ್ತಾ ಹೋಗುತ್ತವೆ. ಆ ಪದರದೊಳಗೆ ಸೇರಿಕೊಂಡವನ್ನು ಔಷಧಿಯಿಂದ ಕೊಲ್ಲುವುದು ಬಹಳ ಕಷ್ಟ.