ವಂಶದ ತಲೆಗೆ ಕಟ್ಟೋದು ಸುಲಭ

'ಮುಪ್ಪು ಯಾವಾಗ ಬರುತ್ತೆ ಅನ್ನೋದು ಅಪ್ಪ-ಅಮ್ಮನಿಂದ ಬಂದ ಜೀನ್‌ಗಳಲ್ಲೇ ಬರೆದಿರುತ್ತೆ' ಅಂತ ಒಂದು ಲೇಖನದಲ್ಲಿ ಓದಿದೆ. ಆ ಮಾತು ಅರ್ಧ ಸತ್ಯ. 1870ರಿಂದ 1900ರ ನಡುವೆ ಡೆನ್ಮಾರ್ಕಿನಲ್ಲಿ ಹುಟ್ಟಿದ 2,872 ಅವಳಿ ಜೋಡಿಗಳ ಆಯಸ್ಸನ್ನು ಹೋಲಿಸಿ ನೋಡಿದ ಅಧ್ಯಯನವೊಂದು 1996ರಲ್ಲಿ ಬಂತು. ಆಯಸ್ಸಿನ ಏರುಪೇರಿನಲ್ಲಿ ವಂಶವಾಹಿಯ ಪಾಲು ಅದರಲ್ಲಿ ಸಿಕ್ಕಿದ್ದು ಹೆಚ್ಚುಕಡಿಮೆ ಕಾಲು ಭಾಗ.

ಫ್ರಾನ್ಸಿನ ಝಾನ್ ಕಾಲ್ಮಾಂ ಅನ್ನೋ ಮಹಿಳೆ ದಶಕಗಟ್ಟಲೆ ಸಿಗರೇಟು ಸೇದಿಯೂ 122 ವರ್ಷ ಬದುಕಿದರು, ನಿಜ. ನಮ್ಮ ಸೋದರಮಾವ ಬೀಡಿ ಹಚ್ಚುವಾಗಲೆಲ್ಲ ಇದೇ ಕಥೆ ಹೇಳ್ತಾರೆ! ಆಕೆಯ ಅಣ್ಣನೂ 97 ವರ್ಷ ಬದುಕಿದ್ದರು ಅನ್ನೋದನ್ನು ಮಾತ್ರ ಹೇಳಲ್ಲ. ಆ ಮನೆತನದ ಮೈಕಟ್ಟೇ ಬೇರೆ ಇರಬೇಕು. ನೂರು ದಾಟೋಕೆ ಅಂಥ ವಂಶಬಲ ಬೇಕೇನೋ. ನಮ್ಮಂಥವರು ಎಪ್ಪತ್ತೈದರಲ್ಲೂ ಮೆಟ್ಟಿಲು ಹತ್ತಿಕೊಂಡಿರೋಕೆ ಬಿಪಿ, ಶುಗರ್ ಹತೋಟಿ, ಹೊಗೆ ಬಿಡೋದು, ನಿದ್ದೆ, ಒಂದಿಷ್ಟು ನಡಿಗೆ, ಇವೇ ಗತಿ.

ಅಪ್ಪ ಮತ್ತು ಚಿಕ್ಕಪ್ಪನಿಗೆ ಎರಡೇ ವರ್ಷ ಅಂತರ, ಇಬ್ಬರಿಗೂ ಸಕ್ಕರೆ ಕಾಯಿಲೆ. ಚಿಕ್ಕಪ್ಪ ಈಗಲೂ ತೋಟಕ್ಕೆ ನಡೆದೇ ಹೋಗ್ತಾರೆ. ಕುರ್ಚಿ ಬಿಡದ ಅಪ್ಪನನ್ನು ನೋಡಿದವರು ಅವರು ಚಿಕ್ಕಪ್ಪನಿಗಿಂತ ಹತ್ತು ವರ್ಷ ದೊಡ್ಡವರು ಅಂದುಕೊಳ್ತಾರೆ.