ಮೊದಲು ಟೇಪು, ಆಮೇಲೆ ಸುತ್ತಿಗೆ

ಊರಲ್ಲಿ ಅಣ್ಣನ ಮನೆ ಮಹಡಿ ಹತ್ತುವಾಗ ಎಲ್ಲರೂ ಕೊನೆಯ ಮೆಟ್ಟಿಲಲ್ಲಿ ಎಡವುತ್ತಾರೆ. ರಜೆಗೆ ಹೋದ ಮೊದಲ ದಿನ ನನ್ನದಂತೂ ಗ್ಯಾರಂಟಿ. ಒಮ್ಮೆ ಟೇಪು ಹಿಡಿದು ಅಳೆದೆ. ಉಳಿದ ಮೆಟ್ಟಿಲೆಲ್ಲ 17 ಸೆಂ.ಮೀ. ಎತ್ತರ, ಕೊನೆಯದು 22. ಮನೆ ರಿಪೇರಿ ಮಾಡಿಸುವಾಗ ಮೇಲಿನ ಹಳೆ ನೆಲ ಕೀಳದೆ, ಅದರ ಮೇಲೆಯೇ ಗಾರೆ ಹಾಕಿ ಹೊಸ ಕಲ್ಲು ಕೂರಿಸಿದ್ದರು. ನೆಲ ಏರಿತು, ಮೆಟ್ಟಿಲು ಇದ್ದಲ್ಲೇ ಉಳಿಯಿತು. ಕಣ್ಣಿಗೆ ಕಾಣದ 5 ಸೆಂ.ಮೀ. ಕಾಲಿಗೆ ಗೊತ್ತಾಗುತ್ತದೆ.

ಆಗ ಆರ್ಕಿಟೆಕ್ಟ್ ಕರೆಸುವ ಮಾತೆತ್ತಿದ್ದಕ್ಕೆ ಅಣ್ಣ ನಕ್ಕಿದ್ದ. "ಹೊಸ ಮನೆ ಕಟ್ತಿದೀನೇನೋ? ಇರೋದನ್ನ ಸರಿ ಮಾಡೋಕೆ ಮೇಸ್ತ್ರಿ ಸಾಕು." ಮೇಸ್ತ್ರಿ ಬಂದರು, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು, ಮರುದಿನ ಒಡೆಯುವ ಕೆಲಸ ಶುರು. ನನಗೂ ಅದೇ ಸರಿ ಅನಿಸಿತ್ತು.

ಈಗ ನಾನಿರುವ ಕಡೆ ಸೀಮೆಸುಣ್ಣದ ಗೆರೆ ನಡೆಯುವುದಿಲ್ಲ. ಒಳಗಿನ ಗೋಡೆ ಮುಟ್ಟಬೇಕಾದರೂ ಮೊದಲು ಡ್ರಾಯಿಂಗ್ ಎಲ್ಲಿ ಅನ್ನುತ್ತಾರೆ. ಸುಮ್ನೆ ದಂಡದ ಖರ್ಚು ಎಂದು ಗೊಣಗಿಕೊಂಡೇ ಆರ್ಕಿಟೆಕ್ಟ್ ಒಬ್ಬರನ್ನು ಕರೆಸಿದೆ. ನನ್ನ ಆಸೆ ಸರಳ: ಅಡುಗೆಮನೆ ಕತ್ತಲು, ಹಾಲ್ ಕಡೆಯ ಗೋಡೆ ಒಡೆದರೆ ಬೆಳಕು ಬರುತ್ತದೆ.

ಬಂದಾಕೆ ಗೋಡೆ ಬಗ್ಗೆ ಮಾತೇ ಆಡಲಿಲ್ಲ. ಬೆಳಿಗ್ಗೆ ಮೊದಲು ಏಳುವವರು ಯಾರು, ಒದ್ದೆ ಬಟ್ಟೆ ಎಲ್ಲಿ ಹಾಕುತ್ತೀರಿ, ಪಾತ್ರೆ ತೊಳೆಯುವಾಗ ಯಾವ ಕಡೆ ಮುಖ ಇರುತ್ತದೆ? ಬರೀ ಇಂಥವೇ ಪ್ರಶ್ನೆಗಳು. ಆಮೇಲೆ ಎರಡು ಗಂಟೆ ಅಳತೆ. ಗೋಡೆ ದಪ್ಪ 23 ಸೆಂ.ಮೀ. ಮಹಡಿಗೆ ಹೋಗಿ ನೋಡಿದರೆ ಅದರ ನೆತ್ತಿ ಮೇಲೆ ಇನ್ನೊಂದು ಗೋಡೆ ಕೂತಿದೆ. ಭಾರ ಹೊತ್ತ ಗೋಡೆ! ಒಡೆಯಬಹುದು, ಆದರೆ ಉಕ್ಕಿನ ತೊಲೆ ಬೇಕು, ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಬೇಕು, ತೊಲೆ ಕೂರುವವರೆಗೆ ಮೇಲಿನದಕ್ಕೆಲ್ಲ ಆನಿಕೆ ಕೊಡಬೇಕು.

ಆಕೆ ಬೇರೆ ದಾರಿ ತೋರಿಸಿದರು. ಬಾಗಿಲು ಒಳಕ್ಕೆ ತೆರೆಯುತ್ತಿದ್ದರಿಂದ ಎತ್ತರದ ಬೀರು ಕಿಟಕಿಗೆ ಒತ್ತರಿಸಿಕೊಂಡು ನಿಂತಿತ್ತು. ಜಾರುವ ಬಾಗಿಲು ಹಾಕಿದರೆ ಬೀರು ಆ ಮೂಲೆಗೆ ಹೋಗುತ್ತದೆ. ಕಿಟಕಿಯ ಅಗಲ ಹಾಗೇ ಇಟ್ಟು ಕೆಳಗಿನ ಇಟ್ಟಿಗೆ ಮಾತ್ರ ತೆಗೆದು ಕಟ್ಟೆಯವರೆಗೆ ಇಳಿಸಿದರೆ ಕಿಟಕಿ ಮೇಲೆ ಭಾರ ಹೊರುವ ಲಿಂಟಲ್ ಮುಟ್ಟಬೇಕಾಗಿಯೇ ಇಲ್ಲ. ಹಾಗೇ ಮಾಡಿದೆವು. ಈಗ ಹಗಲಲ್ಲಿ ಲೈಟ್ ಹಾಕುವುದಿಲ್ಲ.

ಅಣ್ಣನ ಮೆಟ್ಟಿಲ ಕಥೆ ಹೇಳಿದಾಗ ಆಕೆ ನಕ್ಕರು. ಮೆಟ್ಟಿಲ ಎತ್ತರದ ಎರಡರಷ್ಟಕ್ಕೆ ಕಾಲಿಡುವ ಜಾಗದ ಅಗಲ ಕೂಡಿಸಿದರೆ ಒಂದು ಹೆಜ್ಜೆಯಷ್ಟು, ಅಂದರೆ 60–64 ಸೆಂ.ಮೀ. ಸುತ್ತ ಬರಬೇಕಂತೆ. ಫ್ರಾನ್ಸಿನ ಫ್ರಾನ್ಸ್ವಾ ಬ್ಲಾಂಡೆಲ್ 17ನೇ ಶತಮಾನದಲ್ಲೇ ಹೇಳಿಟ್ಟ ಲೆಕ್ಕ ಅದು. ಅದಕ್ಕಿಂತ ಮುಖ್ಯ, ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇರಬೇಕು.

ಮೇಸ್ತ್ರಿಯನ್ನು ನಾನು ಹಳಿಯುತ್ತಿಲ್ಲ. ಗೋಡೆಗೆ ಬೆರಳು ತಟ್ಟಿ ಒಳಗೆ ಟೊಳ್ಳಿದೆ ಅನ್ನುವ ವಿದ್ಯೆ ಯಾವ ಡ್ರಾಯಿಂಗಿನಲ್ಲೂ ಇಲ್ಲ. ಆದರೆ ಒಡೆದು ಕಟ್ಟುವುದೇ ಹೊಟ್ಟೆಪಾಡಾದವರ ಬಾಯಲ್ಲಿ "ಒಡೆಯಬೇಡಿ" ಅನ್ನುವ ಮಾತು ಬರುವುದು ಕಷ್ಟ, ಅಲ್ವಾ? ಆ ಮಾತಿಗೇ ನಾನು ಫೀಸ್ ಕೊಟ್ಟಿದ್ದು. ಹಾಗೆ ನೋಡಿದರೆ ಖರ್ಚಿನ ಮೇಲೆ ಶೇಕಡಾ ಇಷ್ಟು ಅಂತ ತೆಗೆದುಕೊಳ್ಳುವ ಆರ್ಕಿಟೆಕ್ಟ್‌ಗೂ ಖರ್ಚು ಏರಿದರೆ ಲಾಭವೇ. ಅದಕ್ಕೇ ನಾನು ಹಂತಕ್ಕೆ ಇಷ್ಟು ಅಂತ ಮೊದಲೇ ಗೊತ್ತು ಮಾಡಿದೆ. ಕೆಲಸದ ಜಾಗಕ್ಕೆ ಎಷ್ಟು ಸಲ ಬರಬೇಕು ಅನ್ನುವುದನ್ನೂ ಬರೆಸಿಕೊಂಡೆ. ಡ್ರಾಯಿಂಗ್, ಕೆಲಸದ ಪಟ್ಟಿ ಕೈಯಲ್ಲಿದ್ದದ್ದರಿಂದ ಮೂವರು ಕಂಟ್ರಾಕ್ಟರುಗಳೂ ಒಂದೇ ಕೆಲಸಕ್ಕೆ ರೇಟು ಹೇಳಿದರು. ಇಲ್ಲದಿದ್ದರೆ ಯಾರು ಜಾಸ್ತಿ, ಯಾರು ಕಡಿಮೆ ಅಂತ ಗೊತ್ತಾಗುವುದಾದರೂ ಹೇಗೆ?

ಬಣ್ಣ ಬಳಿಸೋಕೆ, ನಲ್ಲಿ ಬದಲಿಸೋಕೆ ಆರ್ಕಿಟೆಕ್ಟ್ ಬೇಕಿಲ್ಲ. ಗೋಡೆ, ನೆಲದ ಮಟ್ಟ, ನೀರಿನ ಪೈಪು ಇವುಗಳಲ್ಲಿ ಒಂದನ್ನು ಅಲ್ಲಾಡಿಸುವುದಾದರೂ ನಾನು ಕರೆಸುತ್ತೇನೆ.

ಅಣ್ಣ ಕೊನೆಯ ಮೆಟ್ಟಿಲಿಗೆ ಹಳದಿ ಪಟ್ಟೆ ಬಳಿಸಿದ್ದಾನೆ. ಮೊನ್ನೆ ಫೋನ್ ಮಾಡಿ, "ಬಚ್ಚಲುಮನೆ ದೊಡ್ಡದು ಮಾಡಿಸ್ತಿದೀನಿ ಕಣೋ" ಅಂದ. ನೀರಿನ ವಾಟ ಯಾರು ನೋಡ್ತಾರೆ ಅಂತ ಕೇಳಿದೆ.

"ನೀರಲ್ವೇನೋ, ತಾನಾಗೇ ಹರ್ಕೊಂಡು ಹೋಗುತ್ತೆ" ಅಂದ.