ಅಭ್ಯರ್ಥಿಗೆ ರೆಕ್ಕೆ, ಮತದಾರನಿಗೆ ಗೂಟ

ಮತದಾನ ಮುಗಿದ ಮಾರನೇ ದಿನ ಬೆಂಗಳೂರಿಗರಿಗೆ ಮಂಗಳಾರತಿ ಎತ್ತುವುದು ನಮ್ಮಲ್ಲಿ ವಾಡಿಕೆ. 2024ರ ಲೋಕಸಭೆ ಚುನಾವಣೆಯಲ್ಲೂ ಎತ್ತಿದರು. ನಗರದ ಕ್ಷೇತ್ರಗಳಲ್ಲಿ ಓಟು ಹಾಕಿದವರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಟಿವಿಯಲ್ಲಿ ಕೂತವರಿಗೆ ಕಾರಣ ಹುಡುಕುವ ಕಷ್ಟವೇ ಇರಲಿಲ್ಲ. ಸೋಮಾರಿಗಳು ಸ್ವಾಮಿ, ರಜೆ ಸಿಕ್ಕಿದರೆ ಸಾಕು, ಕೊಡಗು, ಚಿಕ್ಕಮಗಳೂರು ಅಂತ ಗಾಡಿ ಹತ್ತಿಬಿಡುತ್ತಾರೆ!

ಪೂರ್ತಿ ಸುಳ್ಳೇನಲ್ಲ ಬಿಡಿ. ಈ ಸೋಮಾರಿಗಳನ್ನು ಕಟ್ಟಿಹಾಕಲು ಆಯೋಗ ಕ್ಯಾಲೆಂಡರ್ ಹಿಡಿದು ಕೂತದ್ದೂ ಉಂಟು. 2023ರ ವಿಧಾನಸಭೆ ಚುನಾವಣೆಯನ್ನು ಮೇ 10ಕ್ಕೆ, ಬುಧವಾರ ಇಟ್ಟರು. ಸೋಮವಾರ ಇಟ್ಟರೆ ಶನಿವಾರ, ಭಾನುವಾರದ ಜೊತೆ ಅಂಟಿಸಿಕೊಂಡು ಊರು ಬಿಡುತ್ತಾರೆ, ಬುಧವಾರವಾದರೆ ಎರಡು ದಿನ ರಜೆ ಹಾಕಬೇಕಾಗುತ್ತದೆ ಎಂಬ ಲೆಕ್ಕ. ಒಳ್ಳೆಯ ಲೆಕ್ಕವೇ. ಮರುವರ್ಷ ಲೋಕಸಭೆ ಚುನಾವಣೆ ಬಂತು. ಬೆಂಗಳೂರಿನ ಪಾಲಿಗೆ ಸಿಕ್ಕ ದಿನ ಏಪ್ರಿಲ್ 26, ಶುಕ್ರವಾರ. ಬುಧವಾರದ ಲೆಕ್ಕ ಹಾಕಿದವರು ಆ ಹೊತ್ತಿಗೆ ರಜೆಯ ಮೇಲಿದ್ದರೋ ಏನೋ.

ಆಯೋಗ ಮರೆತರೂ ಹೋಟೆಲಿನವರು ಮರೆಯಲಿಲ್ಲ. ಬೆರಳಿನ ಶಾಯಿ ತೋರಿಸಿದರೆ ದೋಸೆ ಪುಕ್ಕಟೆ ಎಂದರು. ದೋಸೆ ಕೊಡಬಹುದೋ ಕೊಡಬಾರದೋ ಎನ್ನುವುದು ಹೈಕೋರ್ಟಿನವರೆಗೂ ಹೋಯಿತು. ಕೊಡಬಹುದು ಅಂತ ತೀರ್ಮಾನವಾಯಿತು. ಬೆಣ್ಣೆ ದೋಸೆಯ ಮೇಲೆ ನ್ಯಾಯಪೀಠದ ಮುದ್ರೆ ಬಿದ್ದ ಪ್ರಜಾಪ್ರಭುತ್ವ ಬೇರೆಲ್ಲಾದರೂ ಇದೆಯೇ?

ಆದರೆ ದೋಸೆಗೂ ಮೊದಲು ಶಾಯಿ ಬೇಕು. ಶಾಯಿಗೇನೂ ಬರವಿಲ್ಲ, ನಮ್ಮ ಮೈಸೂರಿನ ಕಾರ್ಖಾನೆ 1962ರಿಂದ ಇಡೀ ದೇಶಕ್ಕೆ ಕಳಿಸುತ್ತಿದೆ. ಬರವಿರುವುದು ಬೆರಳು ಚಾಚುವ ಜಾಗಕ್ಕೆ.

ಯಾದಗಿರಿ ಕಡೆಯಿಂದ ಬಂದು ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ಒಬ್ಬನನ್ನು ನೆನೆಸಿಕೊಳ್ಳಿ. ಅಪಾರ್ಟ್‌ಮೆಂಟ್ ಏಳುತ್ತಿರುವ ಸೈಟಿನಲ್ಲೇ ತಗಡಿನ ಶೆಡ್ಡು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಸರ್ಕಾರಿ ಶಾಲೆ, ಅಲ್ಲೇ ಮತಗಟ್ಟೆ. ಮತದಾರ ಎರಡು ಕಿಲೋಮೀಟರಿಗಿಂತ ಜಾಸ್ತಿ ನಡೆಯಬಾರದು ಎನ್ನುವುದು ಆಯೋಗದ ನಿಯಮ. ಇವನ ಓಟು ಇರುವುದು ಸುಮಾರು 500 ಕಿಲೋಮೀಟರ್ ಆಚೆ. ಅವನೂರಿನ ಕಡೆ ಮತದಾನ ಮೇ 7ಕ್ಕೆ, ಮಂಗಳವಾರ. ಅಂದು ಬೆಂಗಳೂರಿನಲ್ಲಿ ಎಂದಿನಂತೆ ಕೆಲಸದ ದಿನ.

ಹಾಗಂತ ಕಾನೂನು ಅವನನ್ನು ಕೈಬಿಟ್ಟಿದೆ ಎನ್ನಬೇಡಿ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಕಲಂ 135ಬಿ ಪ್ರಕಾರ ಮತದಾನದ ದಿನ ಅವನಿಗೆ ಸಂಬಳದ ರಜೆ ಕೊಡಬೇಕು. ದಿನಗೂಲಿಯವನಾದರೂ ಆ ದಿನದ ಕೂಲಿ ಕೊಡಬೇಕು. ಕೊಡದ ಮಾಲೀಕನಿಗೆ ಕಾಯ್ದೆ ದಂಡ ಹಾಕುತ್ತದೆ. ಎಷ್ಟು ಗೊತ್ತಾ? 500 ರೂಪಾಯಿವರೆಗೆ. ಸಿಮೆಂಟಿನ ಎರಡು ಮೂಟೆ ತರಲೂ ಸಾಲದ ಈ ದಂಡಕ್ಕೆ ಹೆದರಿ ಯಾವ ಮೇಸ್ತ್ರಿ ಬೆವರಿದ್ದನ್ನೂ ನಾನು ಕಂಡಿಲ್ಲ. ಅದೂ ಒಂದೇ ದಿನದ ರಜೆ. ಹೋಗೋಕೆ ಒಂದು ರಾತ್ರಿ, ಬರೋಕೆ ಒಂದು ರಾತ್ರಿ. ಅಷ್ಟಕ್ಕೂ ಬಸ್ಸು ಸಿಗಬೇಕಲ್ಲ? ಚುನಾವಣೆಯ ಹಿಂದಿನ ದಿನ ಸರ್ಕಾರಿ ಬಸ್ಸುಗಳು ಮತಯಂತ್ರ ಹೊತ್ತು ಹಳ್ಳಿ ಹಳ್ಳಿಗೆ ಹೊರಟಿರುತ್ತವೆ. ಯಂತ್ರಕ್ಕೆ ಸೀಟು ಖಾತ್ರಿ, ಗುಂಡಿ ಒತ್ತುವವನಿಗೆ ಫುಟ್‌ಬೋರ್ಡು.

ಪಾಪ ಅಂತ ಯಾರಾದರೂ ಅಭ್ಯರ್ಥಿ ಬಸ್ಸು ಮಾಡಿ ಕಳಿಸಿದರೆ? ಕಲಂ 123ರ ಪ್ರಕಾರ ಅದು ಭ್ರಷ್ಟಾಚಾರ. ಮತದಾರರನ್ನು ಪುಕ್ಕಟೆಯಾಗಿ ಮತಗಟ್ಟೆಗೆ ಸಾಗಿಸಲು ಗಾಡಿ ಬಾಡಿಗೆಗೆ ತರುವಂತಿಲ್ಲ. ಸರಿಯಾದ ನಿಯಮವೇ. ಪುಕ್ಕಟೆ ಬಸ್ಸಿನಲ್ಲಿ ಬಂದವನು ಯಾವ ಗುಂಡಿ ಒತ್ತುತ್ತಾನೆ ಅಂತ ಎಲ್ಲರಿಗೂ ಗೊತ್ತು. ಒಟ್ಟಿನಲ್ಲಿ ಸರ್ಕಾರ ಬಸ್ಸು ಕೊಡುವುದಿಲ್ಲ, ಅಭ್ಯರ್ಥಿ ಕೊಡುವಂತಿಲ್ಲ. ಇವನು ಶೆಡ್ಡಿನಲ್ಲೇ ಉಳಿದರೆ ಸಂಜೆ ಟಿವಿಯಲ್ಲಿ ಸೋಮಾರಿ.

"ಹೆಸರನ್ನು ಇಲ್ಲಿಗೇ ವರ್ಗ ಮಾಡಿಸಿಕೊಳ್ಳಲಿ, ಫಾರಂ 8 ತುಂಬಿದರೆ ಆಯ್ತಲ್ಲ" ಎನ್ನುವ ಬುದ್ಧಿವಂತರು ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಇದ್ದಾರೆ. ಆ ಫಾರಮ್ಮಿಗೆ ವಿಳಾಸದ ದಾಖಲೆ ಬೇಕು. ತಗಡಿನ ಶೆಡ್ಡಿಗೆ ಕರೆಂಟ್ ಬಿಲ್ ಬರುವುದಿಲ್ಲ, ಬಾಡಿಗೆ ಕರಾರೂ ಇರುವುದಿಲ್ಲ. ಮನೆಯೇ ಇಲ್ಲದವರಿಗಾಗಿ ಆಯೋಗದ ಬಳಿ ಇನ್ನೊಂದು ದಾರಿ ಇದೆ, ನಗಬೇಡಿ. ಅರ್ಜಿ ಹಾಕಿದವನು ಹೇಳಿದ ಜಾಗಕ್ಕೆ ಬೂತ್ ಮಟ್ಟದ ಅಧಿಕಾರಿ, ಅಂದರೆ ನಮ್ಮ ಬಿಎಲ್‌ಒ, ರಾತ್ರಿ ಹೊತ್ತು ಹೋಗಿ ಅವನು ನಿಜವಾಗಿ ಅಲ್ಲಿ ಮಲಗುತ್ತಾನಾ ಅಂತ ನೋಡಬೇಕು. ಒಂದು ರಾತ್ರಿ ನೋಡಿದರೆ ಸಾಲದು. ಈ ಬಿಎಲ್‌ಒ ಹೆಚ್ಚಿನ ಕಡೆ ಶಾಲೆಯ ಟೀಚರ್ ಅಥವಾ ಅಂಗನವಾಡಿ ಕಾರ್ಯಕರ್ತೆ. ಹಗಲು ಮಕ್ಕಳ ಹಾಜರಿ, ರಾತ್ರಿ ನಿದ್ದೆಯ ಹಾಜರಿ. ಇಷ್ಟೆಲ್ಲ ಆಗಿ ಪಟ್ಟಿಗೆ ಹೆಸರು ಸೇರುವಷ್ಟರಲ್ಲಿ ಸೈಟಿನ ಕೆಲಸ ಮುಗಿದು ಶೆಡ್ಡು ಬೇರೆ ಬಡಾವಣೆಗೆ ಹೋಗಿರುತ್ತದೆ.

ಇದಿಷ್ಟೂ ಓಟು ಹಾಕುವವನ ಪಾಡು. ಓಟು ಕೇಳುವವನ ಕಡೆ ನೋಡೋಣ ಬನ್ನಿ.

ಲೋಕಸಭೆಗೆ ನಿಲ್ಲಬೇಕಾದರೆ ದೇಶದ ಯಾವುದೋ ಒಂದು ಕ್ಷೇತ್ರದ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ನಿಲ್ಲುವುದು ಎಲ್ಲಾದರೂ ನಿಲ್ಲಿ. ನಮಗಿದು ಹೊಸದಲ್ಲ. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ಬಂದರು. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರುಬದುರಾದರು. ಸುಷ್ಮಾ ಪಟ್ಟು ಹಿಡಿದು ಕನ್ನಡ ಕಲಿತು ಭಾಷಣ ಮಾಡಿದರು, ಅದಕ್ಕೊಂದು ಸಲಾಂ. ಆದರೆ ದೇಶವೇ ನೋಡುತ್ತಿದ್ದ ಆ ಕುಸ್ತಿಯಲ್ಲಿ ಇಬ್ಬರಿಗೂ ಬಳ್ಳಾರಿಯಲ್ಲಿ ಓಟಿರಲಿಲ್ಲ. ಗೆದ್ದ ಸೋನಿಯಾ ಅಮೇಠಿಯನ್ನೂ ಗೆದ್ದಿದ್ದರು. ಅಮೇಠಿ ಇಟ್ಟುಕೊಂಡು ಬಳ್ಳಾರಿ ಬಿಟ್ಟರು.

ಎರಡು ಕಡೆ ನಿಲ್ಲುವುದಕ್ಕೆ ಪಕ್ಷಭೇದವಿಲ್ಲ. 2014ರಲ್ಲಿ ಮೋದಿ ವಾರಾಣಸಿ ಮತ್ತು ವಡೋದರಾ, 2024ರಲ್ಲಿ ರಾಹುಲ್ ವಯನಾಡ್ ಮತ್ತು ರಾಯ್‌ಬರೇಲಿ. ನಮ್ಮಲ್ಲೇ 2018ರಲ್ಲಿ ಸಿದ್ದರಾಮಯ್ಯ ಚಾಮುಂಡೇಶ್ವರಿ ಜೊತೆಗೆ ಬಾದಾಮಿ, ಕುಮಾರಸ್ವಾಮಿ ರಾಮನಗರ ಜೊತೆಗೆ ಚನ್ನಪಟ್ಟಣ. 1996ಕ್ಕೆ ಮುಂಚೆ ಎಷ್ಟು ಕಡೆ ಬೇಕಾದರೂ ನಿಲ್ಲಬಹುದಿತ್ತು, ಆಮೇಲೆ ಎರಡು ಅಂತ ಮಿತಿ ಹಾಕಿಕೊಂಡರು. ತ್ಯಾಗ ಅಂದರೆ ಇದು. ಎರಡೂ ಗೆದ್ದರೆ ಒಂದನ್ನು ಬಿಡುತ್ತಾರೆ, ಆ ಉಪಚುನಾವಣೆಯ ಖರ್ಚು ನಮ್ಮ ತಲೆಗೆ. ಗಾರೆ ಕೆಲಸದವನು ಎರಡು ಕಡೆ ಪಟ್ಟಿಯಲ್ಲಿ ಹೆಸರು ಇಡಲು ಸುಳ್ಳು ಘೋಷಣೆ ಬರೆದುಕೊಟ್ಟನೋ, ಒಂದು ವರ್ಷದವರೆಗೂ ಜೈಲು.

1950ರದ್ದು ಇನ್ನೊಂದು ಪ್ರಜಾಪ್ರಾತಿನಿಧ್ಯ ಕಾಯ್ದೆ. ಅದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಾಲಿದೆ, ಕಲಂ 20ರಲ್ಲಿ. ಸಾಮಾನ್ಯ ಮತದಾರ ಎಲ್ಲಿ ಸಾಮಾನ್ಯವಾಗಿ ವಾಸವಿದ್ದಾನೋ ಅಲ್ಲೇ ಅವನ ಓಟು. ಊರಿನಲ್ಲಿ ಸ್ವಂತ ಮನೆ ಇದೆ ಎಂದ ಮಾತ್ರಕ್ಕೆ ಅಲ್ಲಿಯ ವಾಸಿ ಆಗುವುದಿಲ್ಲ. ಆದರೆ ಸಂಸದ, ಶಾಸಕರು ತಮ್ಮ ಕೆಲಸದ ಮೇಲೆ ಕ್ಷೇತ್ರದಲ್ಲಿ ಇಲ್ಲದಿದ್ದರೂ, ಅಧಿಕಾರದ ಅವಧಿ ಮುಗಿಯುವವರೆಗೆ ಅಲ್ಲಿಯ ವಾಸಿಗಳೇ. ಅಂದರೆ ಕೆಲಸಕ್ಕಾಗಿ ಊರು ಬಿಟ್ಟವರ ಸಂಕಟ ನಮ್ಮ ಶಾಸನ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು! ಅದು ತಮಗೊಬ್ಬರಿಗೇ ಬರುವ ಸಂಕಟ ಅಂದುಕೊಂಡರು, ಅಷ್ಟೇ. 2019ರ ಜುಲೈನಲ್ಲಿ ನಮ್ಮ ಒಂದಷ್ಟು ಶಾಸಕರು ಮುಂಬೈ ಹೋಟೆಲಿನಲ್ಲಿ ತಂಗಿದ್ದು ಈ ಕಲಮ್ಮಿನ ಪ್ರಕಾರ ಯಾವ ಕೆಲಸದ ಮೇಲೆ ಅಂತ ಕಾನೂನು ಪಂಡಿತರು ಇನ್ನೂ ಹೇಳಿಲ್ಲ.

ಜೈಲಿನ ಬಾಗಿಲಲ್ಲಿ ಈ ತಮಾಷೆ ಇನ್ನೂ ಜೋರು. 1951ರ ಕಾಯ್ದೆಯ ಕಲಂ 62ರ ಪ್ರಕಾರ ಜೈಲಿನಲ್ಲಿರುವವರು ಓಟು ಹಾಕುವಂತಿಲ್ಲ. ಮುಂಜಾಗ್ರತಾ ಬಂಧನದಲ್ಲಿ ಇರುವವರಿಗೆ ಮಾತ್ರ ವಿನಾಯಿತಿ. ನಮ್ಮ ಜೈಲುಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ವಿಚಾರಣೆಯಲ್ಲಿ ಇರುವವರು. ಶಿಕ್ಷೆಯಾಗಿ ಜಾಮೀನಿನ ಮೇಲೆ ಹೊರಗಿರುವವನು ಆರಾಮಾಗಿ ಹೋಗಿ ಓಟು ಹಾಕಿ ದೋಸೆ ತಿನ್ನಬಹುದು. ಶಿಕ್ಷೆಯೇ ಆಗದೆ, ಜಾಮೀನಿಗೆ ದುಡ್ಡಿಲ್ಲದೆ ಒಳಗಿರುವವನಿಗೆ ಓಟೂ ಇಲ್ಲ, ದೋಸೆಯೂ ಇಲ್ಲ.

2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ಸರಳವಾದ ಮಾತು ಹೇಳಿತು. ಓಟು ಹಾಕಲು ಆಗದವನು ಚುನಾವಣೆಗೆ ನಿಲ್ಲುವುದಾದರೂ ಹೇಗೆ? ಇಷ್ಟು ಹೇಳಿದ್ದೇ ತಡ, ಸಂಸತ್ತು ಮೈಕೊಡವಿ ಎದ್ದಿತು. ಸೆಪ್ಟೆಂಬರ್ ಹೊತ್ತಿಗೆ ಕಾಯ್ದೆ ತಿದ್ದಿ ಆಗಿತ್ತು. ಜೈಲಿನಲ್ಲಿದ್ದವನಿಗೆ ಓಟು ಹಾಕಲು ಆಗದಿದ್ದರೂ ಅವನು ಮತದಾರನಾಗಿಯೇ ಉಳಿಯುತ್ತಾನೆ, ಹಾಗಾಗಿ ನಿಲ್ಲಬಹುದು. 2024ರಲ್ಲಿ ಪಂಜಾಬಿನ ಖಡೂರ್ ಸಾಹಿಬ್ ಮತ್ತು ಕಾಶ್ಮೀರದ ಬಾರಾಮುಲ್ಲಾದಿಂದ ಇಬ್ಬರು ಜೈಲಿನಲ್ಲಿದ್ದುಕೊಂಡೇ ಗೆದ್ದರು. ಅವರನ್ನು ಜನ ಆರಿಸಿದ್ದಾರೆ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಪಕ್ಕದ ಕೋಣೆಯ ಪಿಕ್‌ಪಾಕೆಟ್ ಆರೋಪಿಗೆ ಒಂದು ಓಟು ಕೊಡಲು ಬಾರದ ಜಾಣತನ, ಅದೇ ಜೈಲಿನಿಂದ ಸಂಸದರನ್ನು ಕಳಿಸಲು ಹೇಗೆ ಬಂತು ಅನ್ನುವುದಷ್ಟೇ ಕುತೂಹಲ.

ರಾಜ್ಯಸಭೆಗೂ ಹೀಗೇ ಆಯಿತು. ಮೊದಲು ಆಯಾ ರಾಜ್ಯದ ಮತದಾರನಾಗಿರಬೇಕಿತ್ತು. ಕಷ್ಟವಾಯಿತು. 2003ರಲ್ಲಿ ತೆಗೆದುಹಾಕಿದರು. ಅಭ್ಯರ್ಥಿಯ ಕಾಲಿಗೆ ಮುಳ್ಳು ಚುಚ್ಚಿದರೆ ಶಾಸನ ಅಷ್ಟು ಬೇಗ ಬಾಗುತ್ತದೆ.

ಮತದಾರನ ಕಾಲಿಗೆ ಚುಚ್ಚಿದಾಗ? 2022ರ ಡಿಸೆಂಬರಿನಲ್ಲಿ ಆಯೋಗ ಒಂದು ಹೊಸ ಯಂತ್ರದ ಮಾದರಿ ಸಿದ್ಧ ಎಂದಿತು. ದೂರದ ಊರಿನಲ್ಲಿದ್ದುಕೊಂಡೇ ತವರಿನ ಕ್ಷೇತ್ರಕ್ಕೆ ಓಟು ಹಾಕುವ ಯಂತ್ರ. ಒಂದೇ ಯಂತ್ರದಲ್ಲಿ 72 ಕ್ಷೇತ್ರ. ನಮ್ಮ ಗಾರೆಯವನಿಗೆ ಹೇಳಿ ಮಾಡಿಸಿದ್ದು. ಜನವರಿಯಲ್ಲಿ ತೋರಿಸಲೆಂದು ಪಕ್ಷಗಳನ್ನು ಕರೆದರು. ಪಕ್ಷಗಳು ಪ್ರಶ್ನೆ ಎತ್ತಿದವು. ವಲಸಿಗ ಅಂದರೆ ಯಾರು? ಆ ಬೂತಿನಲ್ಲಿ ನಮ್ಮ ಏಜೆಂಟರು ಎಲ್ಲಿ ಕೂರಬೇಕು? ಚುನಾವಣೆ ಇಲ್ಲದ ರಾಜ್ಯದಲ್ಲಿ ನೀತಿ ಸಂಹಿತೆ ಹೇಗೆ? ಒಂದೊಂದೂ ನ್ಯಾಯವಾದ ಪ್ರಶ್ನೆ, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಉತ್ತರ ಹುಡುಕಲು ಯಾರಿಗೂ ಎರಡು ತಿಂಗಳ ಅವಸರ ಇರಲಿಲ್ಲ. 2024 ಬಂತು, ಹೋಯಿತು. ಯಂತ್ರ ಬರಲಿಲ್ಲ. ವಿದೇಶದಲ್ಲಿರುವವರಿಗೆ ಬದಲಿ ವ್ಯಕ್ತಿಯಿಂದ ಓಟು ಹಾಕಿಸುವ ಮಸೂದೆಯೂ 2018ರಲ್ಲಿ ಲೋಕಸಭೆ ದಾಟಿ, ರಾಜ್ಯಸಭೆ ದಾಟದೆ ಸತ್ತಿತು. ಹಾಗಾಗಿ ದುಬೈನಲ್ಲಿರುವ ಮಂಗಳೂರಿನವರು ಓಟು ಹಾಕಬೇಕೆಂದರೆ ಈಗಲೂ ವಿಮಾನವೇ ಗತಿ.

ಮನಸ್ಸು ಮಾಡಿದರೆ ಇದೇ ಆಯೋಗ ಎಂಥ ಕೆಲಸವನ್ನೂ ಮಾಡುತ್ತದೆ. ಅರುಣಾಚಲದ ಮಾಲೋಗಾಮ್‌ನಲ್ಲಿ 2024ರಲ್ಲಿ ಒಬ್ಬೇ ಒಬ್ಬ ಮಹಿಳೆಯ ಓಟಿಗಾಗಿ ಸಿಬ್ಬಂದಿ ಸುಮಾರು 40 ಕಿಲೋಮೀಟರ್ ಬೆಟ್ಟ ಹತ್ತಿಳಿದು ಹೋಗಿದ್ದರು. ಓದಿದರೆ ಕಣ್ಣು ತುಂಬಿ ಬರುತ್ತದೆ. ಗಾರೆಯವನಿಗೆ ಒಂದು ಉಚಿತ ಸಲಹೆ: ಬೆಂಗಳೂರಿನ ಬದಲು ಅರುಣಾಚಲದ ಯಾವುದಾದರೂ ಬೆಟ್ಟದ ತುದಿಯಲ್ಲಿ ಕೆಲಸ ಹುಡುಕಿಕೋ ತಮ್ಮಾ.

ಬರೀ ದೂರುತ್ತಾ ಕೂರಬಾರದು, ನನ್ನದೂ ಒಂದು ತಿದ್ದುಪಡಿ ಇದೆ. ಮತದಾರನಿಗೆ ಹೊಸದಾಗಿ ಏನೂ ಕೊಡಬೇಡಿ. ಅವನ ನಿಯಮಗಳನ್ನೇ ಅಭ್ಯರ್ಥಿಗೂ ಹಾಕಿ. ನಾಮಪತ್ರ ಹಾಕಿದ ದಿನವೇ ಬಿಎಲ್‌ಒ ಟೀಚರ್ ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಶಾಸಕರ ಮನೆ ಗೇಟಿಗೆ ಹೋಗಲಿ.

"ಸಾಹೇಬ್ರು ಮಲಗಿದ್ದಾರಾ?"

"ಇಲ್ಲ ಮೇಡಂ, ಬೆಂಗಳೂರಲ್ಲಿದ್ದಾರೆ."

"ಬೆಂಗಳೂರು ಮನೆಯಲ್ಲಿ ಕೇಳಿದೆವು. ಕ್ಷೇತ್ರದಲ್ಲಿದ್ದಾರೆ ಅಂದ್ರು."

"ಹಂಗಾದ್ರೆ ಎರಡರ ಮಧ್ಯೆ ಎಲ್ಲೋ ಇರ್ತಾರೆ ಮೇಡಂ. ಚುನಾವಣೆ ಬಂದಿದೆಯಲ್ಲ, ಇನ್ನೇನು ಬಂದುಬಿಡ್ತಾರೆ."

ಮೂರು ರಾತ್ರಿ ಸಿಗದಿದ್ದರೆ ಹೆಸರು ತೆಗೆದುಹಾಕಿ. ರೆಸಾರ್ಟಿನಲ್ಲಿ ಸಿಕ್ಕಿದರೆ ಅಲ್ಲಿಯ ಪಟ್ಟಿಗೆ ಸೇರಿಸಿ, ಮಲಗಿದ್ದಕ್ಕೆ ಸಾಕ್ಷಿಯಂತೂ ಇರುತ್ತದೆ. ಇಷ್ಟು ಮಾಡಿ ನೋಡಿ, ದೂರದಿಂದ ಓಟು ಹಾಕುವ ಕಾನೂನು ಎರಡು ತಿಂಗಳೂ ಬೇಡ, ಎರಡೇ ವಾರದಲ್ಲಿ ಪಾಸಾಗುತ್ತದೆ.

ಅಂದಹಾಗೆ ಸುಧಾರಣೆ ಆಗೇ ಇಲ್ಲ ಅಂತ ಯಾರು ಹೇಳಿದ್ದು? 2023ರಲ್ಲಿ ನಮ್ಮ ರಾಜ್ಯದಲ್ಲಿ 80 ದಾಟಿದವರಿಗೆ ಮನೆಯಿಂದಲೇ ಓಟು ಹಾಕುವ ಅವಕಾಶ ಬಂತು. ಆಗ 81 ಆಗಿದ್ದ ಅಜ್ಜಿಯ ಮನೆಗೆ ಅಧಿಕಾರಿಗಳು, ಪೊಲೀಸರು, ವಿಡಿಯೋದವರು ಎಲ್ಲ ಬಂದರು. ರಟ್ಟಿನ ಮರೆ ಇಟ್ಟು, ಗುಟ್ಟಾಗಿ ಗುರುತು ಹಾಕಿಸಿಕೊಂಡು, ಲಕೋಟೆ ಅಂಟಿಸಿ, ನಮಸ್ಕಾರ ಹೇಳಿ ಹೋದರು. ಅಜ್ಜಿ ಬೀದಿಯವರಿಗೆಲ್ಲ ಹೇಳಿಕೊಂಡರು. 2024ರ ಮಾರ್ಚಿನಲ್ಲಿ ನಿಯಮ ತಿದ್ದಿ ವಯಸ್ಸನ್ನು 85ಕ್ಕೆ ಏರಿಸಿದರು. 82ಕ್ಕೆ ಕಾಲಿಟ್ಟ ಅಜ್ಜಿ ಒಂದೇ ವರ್ಷದಲ್ಲಿ ಮತಗಟ್ಟೆಗೆ ನಡೆಯುವಷ್ಟು ಚಿಕ್ಕವರಾದರು. "ನಾನೇನು ಮಾಡಿದೆ ಅಂತ ಈ ಸಲ ಬರಲಿಲ್ಲ ಅವರು?" ಅಂತ ಮೊಮ್ಮಗನನ್ನು ಕೇಳಿದರೆ ಅವನು ತಾನೇ ಏನು ಹೇಳಿಯಾನು?

2028ರ ವಿಧಾನಸಭೆ ಚುನಾವಣೆ ಹೊತ್ತಿಗೆ ಅಜ್ಜಿಗೆ 86 ಆಗುತ್ತದೆ. ದಯವಿಟ್ಟು ದೆಹಲಿಯಲ್ಲಿ ಯಾರಿಗೂ ಹೇಳಬೇಡಿ.